ಆ ಮಡಿಲಿಗೆ ನಾನು ಹಾಕಿದ ಅಕ್ಕಿ

ಮೋಟು ಪೆನ್ಸಿಲ್ ತೋರಿಸಿದ ಮೇಲೇ ಹೊಸದು ಕೊಡುತ್ತಿದ್ದ ಕಾನ್ವೆಂಟಿನಲ್ಲಿ ಓದಿದವಳು ನಾನು. ತೊಂಬತ್ತರ ದಶಕದಲ್ಲಿ ಕೆ.ಆರ್. ಪೇಟೆಯಲ್ಲಿ ಸಂಸಾರ ಹೂಡಿದಾಗ ಹಳೇ ಸೀರೆ ಪರದೆಯಾಗುತ್ತಿತ್ತು, ಪರದೆ ದಿಂಬಿನ ಚೀಲವಾಗುತ್ತಿತ್ತು. ನಮ್ಮನೆಯಲ್ಲಿ ಏನೂ ಪೋಲಾಗಲ್ಲ ಎಂದು ಯಜಮಾನರು ಬಂದವರಿಗೆಲ್ಲ ಹೇಳುವಾಗ ನನಗೆ ಒಳಗೊಳಗೇ ಹೆಮ್ಮೆ.

ಹೊಸಹೊಳಲು ಕಡೆಯಿಂದ ನಮಗೆ ಹಾಲು ತರುತ್ತಿದ್ದ ಹೆಂಗಸು ಒಂದು ಬೆಳಿಗ್ಗೆ ಬಸುರಿ ಮಗಳನ್ನು ಜೊತೆಗೆ ಕರೆತಂದಳು.

"ಬಾಣಂತನಕ್ಕೆ ಮನೆಗೆ ಕರ್ಕೊಂಡು ವೋಯ್ತಾ ಇವ್ನಿ ಕಣಮ್ಮಾರೆ. ನಿಮ್ಗೆ ಎರಡು ಎರ್ಗೆನೂ ಸಲೀಸಾಯ್ತಲ್ಲ, ನಿಮ್ ಕೈಲಿ ಒಸಿ ಮಡ್ಲಕ್ಕಿ ಆಕ್ಬುಡಿ."

ಹುಡುಗಿ ಬಾಗಿಲಲ್ಲೇ ನಿಂತಳು. "ಬಾರವ್ವ, ಒಟ್ಟೆ ಮುಂದ್ ಮಾಡ್ಕೊಂಡು ಬಂದು ಇನ್ಯಾವ ನಾಚ್ಕೆ?" ಎಂದು ತಾಯಿ ಛೇಡಿಸಿದಳು.

ಒಳಗೆ ಡ್ರಮ್ಮಿನಲ್ಲಿ ಪಾಂಡವಪುರದ ತವರಿನಿಂದ ಬಂದ ಸಣ್ಣಕ್ಕಿ ಇತ್ತು. ಪಕ್ಕದ ಡಬ್ಬದಲ್ಲಿ ದೋಸೆಗೆಂದು ಇಟ್ಟ ರೇಷನ್ ಅಕ್ಕಿ. ಡ್ರಮ್ಮಿನ ಮುಚ್ಚಳ ತೆಗೆದವಳು ಮತ್ತೆ ಮುಚ್ಚಿದೆ. ಹಾಲು ಮಾರುವವರ ಮನೆಯಲ್ಲಿ ಇದೇ ಹೆಚ್ಚು ಅಂದುಕೊಂಡೆ. ಎರಡು ಸೇರು ರೇಷನ್ ಅಕ್ಕಿ, ಅಲ್ಲಾಡಿಸಿದರೆ ನೀರು ಸದ್ದು ಮಾಡದ ಒಂದು ಒಣಕಲು ಕಾಯಿ, ಬೆಲ್ಲ, ವೀಳ್ಯದೆಲೆ ಮೊರದಲ್ಲಿಟ್ಟು ತಂದು ಹುಡುಗಿಯ ಮಡಿಲಿಗೆ ಹಾಕಿದೆ. ಪದ್ಧತಿಯಂತೆ ಅವಳು ಮಡಿಲಿನಿಂದ ಒಂದು ಹಿಡಿ ತೆಗೆದು ನನ್ನ ಮೊರಕ್ಕೆ ವಾಪಸ್ಸು ಹಾಕಬೇಕು. ಹಾಕುವ ಮುಂಚೆ ಅಕ್ಕಿಯನ್ನು ಒಂದು ಕ್ಷಣ ಬೆರಳಲ್ಲಿ ಆಡಿಸಿದಳು. ಆಮೇಲೆ ಬಗ್ಗಲಾರದೆ ಬಗ್ಗಿ ನನ್ನ ಕಾಲು ಮುಟ್ಟಿದಳು.

ನಾಲ್ಕು ದಿನದ ಮೇಲೆ ತಾಯಿ ಹಾಲಿನ ಜೊತೆ ಮುಚ್ಚಿದ ಪಾತ್ರೆಯೊಂದನ್ನು ತಂದಳು. "ಮಡ್ಲಕ್ಕೀಲಿ ಸೀ ಉಗ್ಗಿ ಮಾಡಿದ್ದೊ. ಆಕ್ದೋರ್ ಮನೆಗೂ ಒಂದ್ ತುತ್ತು ಬರ್ಬೇಕಲ್ವಾ."

ಅವಳ ಎದುರೇ ಬಾಯಿಗಿಟ್ಟೆ. ಹಸುವಿನ ತುಪ್ಪ, ಏಲಕ್ಕಿ, ದ್ರಾಕ್ಷಿ ಕೂಡ ಹಾಕಿದ್ದಳು. ಅವೆಲ್ಲದರ ಅಡಿಯಿಂದ ಮುಗ್ಗಲು ವಾಸನೆ ಮೇಲೆ ಬಂತು.

ನನ್ನ ಮುಖ ನೋಡಿ ಅವಳೇ ಅಂದಳು: "ಒಸಿ ವಾಸ್ನೆ ಬತ್ತದೆ, ಅಲ್ವಾ? ಮೂರ್ ನೀರಲ್ಲಿ ತೊಳ್ದೆ. ನಾನೇ ಸರ್ಯಾಗಿ ತೊಳ್ದಿಲ್ಲ ಅನ್ಸುತ್ತೆ."

ತಪ್ಪು ನಿನ್ನದಲ್ಲ ಎಂದು ಹೇಳಲು ಅಷ್ಟು ಸಲೀಸಾದ ಅವಕಾಶ ಮತ್ತೆ ಸಿಗುತ್ತಿರಲಿಲ್ಲ. "ಇಲ್ಲಪ್ಪ, ಚೆನ್ನಾಗಿದೆ" ಎಂದೆ.

ಹಳೇ ಸೀರೆಯನ್ನು ಪರದೆ ಮಾಡಿದಾಗ ಕಡಿಮೆಯಲ್ಲಿ ಬದುಕಿದವರು ನಾವೇ. ಇಲ್ಲಿ ನಾನು ಉಳಿಸಿದ್ದು ಒಬ್ಬ ಬಸುರಿಯ ಊಟದಿಂದ. ಇದಕ್ಕೆ ನಮ್ಮ ಮಾತಿನಲ್ಲಿ ಜಿಪುಣತನ ಅನ್ನುತ್ತಾರೆ. ಆ ಪದ ನನಗೆ ಅವತ್ತೂ ಗೊತ್ತಿತ್ತು.

ಹೆಣ್ಣು ಮಗುವಾಯಿತು. ತೊಟ್ಟಿಲಿಗೆ ಹಾಕುವ ದಿನಕ್ಕೆ ತಾಯಿ ಕರೆಯಲು ಬಂದಳು. ತೊಟ್ಟಿಲ ದಿನ ಬೆಳಿಗ್ಗೆ ಡ್ರಮ್ಮಿನಿಂದ ಸಣ್ಣಕ್ಕಿ ತೆಗೆದು ಚೀಲ ತುಂಬಿದೆ. ಈಗ ಇದನ್ನು ಕೊಂಡೊಯ್ದರೆ ಎರಡು ಅಕ್ಕಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದಂತಾಗುತ್ತದೆ ಎನಿಸಿ ಮತ್ತೆ ಡ್ರಮ್ಮಿಗೇ ಸುರಿದೆ. ಹೋಗಲಿಲ್ಲ.

ಮಾರನೇ ದಿನ ಯಾಕೆ ಬರಲಿಲ್ಲ ಎಂದು ಕೇಳಿದಳು. ತಲೆನೋವು ಎಂದೆ.

"ಅಂಗಾರೆ ಮನೀಕಳಿ ಕಣಮ್ಮಾರೆ," ಎಂದಳು. "ಮಗೀನ ನಾನೇ ಎತ್ಕೊಂಡ್ ಬಂದು ತೋರಿಸ್ತೀನಿ."