ಮಳೆಯ ಮೇಡಂ ಕೊಟ್ಟ ಮುಹೂರ್ತ

ಅನುಮಾನ ಪಡುವುದಕ್ಕೇ ನನಗೆ ಸಂಬಳ. ವಿಶಾಖಪಟ್ನಂನಲ್ಲಿ ಕೂತು ಕಂಪ್ಯೂಟರಿನೊಳಗೆ ಮುಂಗಾರು ಹುಟ್ಟಿಸುತ್ತೇನೆ. ಸಮುದ್ರದ ಬಿಸಿ, ಗಾಳಿ, ನೆಲದ ತೇವ ಎಲ್ಲವನ್ನೂ ಲೆಕ್ಕಕ್ಕೆ ಹಾಕಿ ಒಂದು ಮಳೆಗಾಲವನ್ನು ಓಡಿಸಬೇಕು, ಆರಂಭದಲ್ಲಿ ಕೂದಲೆಳೆಯಷ್ಟು ಬದಲಿಸಿ ಮತ್ತೆ ಓಡಿಸಬೇಕು. ಒಂದು ಓಟದಲ್ಲಿ ಮಳೆ ಸುರಿದ ದಿನ ಇನ್ನೊಂದರಲ್ಲಿ ಬಿಸಿಲು ಹೊಡೆಯುತ್ತದೆ. ಹತ್ತಾರು ಓಟಗಳು ಒಟ್ಟಾಗಿ ಇಡೀ ಋತುವಿನ ಬಗ್ಗೆ ಏನು ಹೇಳುತ್ತವೋ ಅದನ್ನಷ್ಟೇ ಅಷ್ಟಿಷ್ಟು ನಂಬಬಹುದು. ಒಂದೇ ಓಟ ನಿಜವಾದ ಮಳೆಗೆ ತಾಳೆಯಾಗಿಬಿಟ್ಟರೆ ನನಗೆ ಖುಷಿಯಾಗುವುದಿಲ್ಲ. ಎಲ್ಲೋ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡಿವೆ ಎನ್ನಿಸುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಮಗಳು ವಿಜಯವಾಡದ ಆಸ್ಪತ್ರೆಯೊಂದರಲ್ಲಿ ವೈದ್ಯೆ. ಜೊತೆಗೆ ಕೆಲಸ ಮಾಡುವ ತೆಲುಗು ಹುಡುಗನನ್ನು ಮೆಚ್ಚಿ, ಎಂವಿಪಿ ಕಾಲೋನಿಯ ನಮ್ಮ ಮನೆಗೆ ಕರೆತಂದಳು. ದನಿ ಏರಿಸದ ಹುಡುಗ. ನನ್ನ ಜೋಳದ ರೊಟ್ಟಿ ಅವತ್ತು ಕಲ್ಲಾಗಿತ್ತು, ಆದರೂ ಎರಡನೆಯದು ಕೇಳಿ ಹಾಕಿಸಿಕೊಂಡ. ನನಗೆ ಅಲ್ಲೇ ಸಂಶಯ ಹತ್ತಿತು.

"ಇಷ್ಟ ಚಲೋ ಹುಡುಗನ ಮ್ಯಾಲ ಎಂಥಾ ಸಂಶೆ ನಿನಗ?" ಎಂದರು ನನ್ನ ಗಂಡ. ಧಾರವಾಡದಿಂದ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಇಲ್ಲೇ ನೆಲೆಯಾದವರು, ಭಾಷೆ ಮಾತ್ರ ಅಲ್ಲಿಯದೇ.

"ಚಲೋ ಅದಾನಲ್ಲ, ಅದಕ್ಕ," ಎಂದೆ.

ಆಮೇಲೆ ಹುಡುಗನ ತಂದೆ ಫೋನ್ ಮಾಡಿದರು. ಕೃಷ್ಣಾ ನದಿಯ ದಂಡೆಯ ಬಯಲಿನಲ್ಲಿ ಮದುವೆಯಂತೆ, ಜೂನ್ ಮೊದಲಲ್ಲಿ ಒಂದು ಮುಹೂರ್ತ, ಕೊನೆಯಲ್ಲಿ ಒಂದು. ಯಾವ ದಿನ ಮಳೆಯಿಲ್ಲ ಎಂದು ಮಳೆಯ ಮೇಡಂ, ಅಂದರೆ ನಾನು, ಹೇಳಿದರೆ ಅದನ್ನೇ ಇಡುವುದು. ನನ್ನ ಮಾಡೆಲ್ ಋತುವಿನ ಮಾತಾಡುತ್ತದೆ, ದಿನದ ಮಾತಾಡುವುದಿಲ್ಲ ಎಂದೆ. ಅವರು ನಕ್ಕರು. ವಾರ ಬಿಟ್ಟು ಮತ್ತೆ ಕೇಳಿದರು. ಮೂರನೆಯ ಸಲ ನಗಲಿಲ್ಲ.

ಮಾತು ಮುಗಿಸಲೆಂದು ವಿಜಯವಾಡಕ್ಕೆ ಹೊರಟೆವು. ರೈಲು ದುವ್ವಾಡ ದಾಟುತ್ತಿದ್ದಂತೆ ಗಂಡ ಮೆಲ್ಲಗೆ ಕೇಳಿದರು, "ಖರೇ ಹೇಳು. ಮದುವಿ ಮುಂದ ಹೋಗಲಿ ಅಂತ ಮಳಿ ಇಲ್ಲದ ದಿನ ಹೇಳವಲ್ಲಿ, ಹೌದಿಲ್ಲೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ದಿನ ಹೇಳಲಾಗದು ಎಂಬುದು ಸತ್ಯವೇ. ಆದರೆ ಆ ಸತ್ಯ ನನಗೆ ಎಷ್ಟು ಅನುಕೂಲವಾಗಿತ್ತು ಎಂಬುದೂ ನನಗೆ ಗೊತ್ತಿತ್ತು. ಕಿಟಕಿಯ ಕಡೆ ತಿರುಗಿ ಕೂತೆ.

ಬೀಗರ ಮನೆಗೆ ಮಗಳೂ ಬಂದಿದ್ದಳು. ಕಾಫಿ ಮುಗಿಯುವ ಮೊದಲೇ ಅದೇ ಪ್ರಶ್ನೆ ಬಂತು. ಹತ್ತಾರು ಓಟಗಳ ಕಥೆಯನ್ನು ನಾನು ತೆಲುಗಿನಲ್ಲಿ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡದ್ದು ಮಾತ್ರ ಈ ಸಂಬಂಧ ಬೇಡವೆಂಬ ಮಾತನ್ನು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಹುಡುಗ ತಲೆ ತಗ್ಗಿಸಿದ.

ನನ್ನೊಂದಿಗೂ ತೆಲುಗಿನಲ್ಲೇ ಮಾತಾಡುವ ಮಗಳು ಅವತ್ತು ಕನ್ನಡಕ್ಕೆ ಹೊರಳಿದಳು. ಬೀಗರಿಗೆ ಆ ಮಾತು ತಿಳಿಯಬಾರದಿತ್ತು.

"ಮಳಿ ಮಾತು ಬಿಡಮ್ಮಾ. ಈ ಮದುವಿ ನಿನಗ ಬ್ಯಾಡೇನು?"

"ಬ್ಯಾಡ ಅಲ್ಲ. ನನ್ನ ಕೆಲಸದಾಗ ತಪ್ಪಿದ್ರ ಮತ್ತೊಮ್ಮೆ ಓಡಸಬಹುದು. ನಿನ್ನ ಬಾಳು ಒಮ್ಮೆನ ಓಡೂದು. ನನಗ ಹೆದರಿಕಿ ಆಗತದ."

"ನಿಂದೂ ಒಮ್ಮೆನ ಓಡಿದ್ದಲ್ಲ?"

ಪಕ್ಕದಲ್ಲಿದ್ದ ಗಂಡ ಬಿಸ್ಕತ್ತಿನ ತಟ್ಟೆಯನ್ನು ಬಹಳ ಗಮನವಿಟ್ಟು ನೋಡತೊಡಗಿದರು. ಅವರನ್ನು ಮದುವೆಯಾಗುವಾಗ ನಾನು ಏನನ್ನೂ ಪರೀಕ್ಷಿಸಿರಲಿಲ್ಲ. ಮಗಳ ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ.

ಬೀಗರ ಕಡೆ ತಿರುಗಿ, ಮೊದಲನೆಯ ಮುಹೂರ್ತವನ್ನೇ ಇಟ್ಟುಬಿಡಿ ಎಂದೆ.

ನಿಜ ಹೇಳಿದಾಗಲೆಲ್ಲ ನನ್ನನ್ನು ಓರೆಗಣ್ಣಿನಿಂದ ನೋಡಿದವರು ಈ ಬುಡವಿಲ್ಲದ ಮಾತನ್ನು ತಲೆಯ ಮೇಲೆ ಹೊತ್ತುಕೊಂಡರು. "ಮೀರು ಚೆಪ್ತೇ ಚಾಲಂಡಿ," ನೀವು ಹೇಳಿದರೆ ಸಾಕು ಎನ್ನುತ್ತ ಪುರೋಹಿತರಿಗೆ ಫೋನ್ ಹಚ್ಚಿದರು. ಶಾಮಿಯಾನಾ ಮಾತ್ರ ಗಟ್ಟಿಯಾಗಿ ಹಾಕಿಸಿ ಎಂದೆ. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಮಗಳು ಬಂದು ನನ್ನ ಮಗ್ಗುಲಲ್ಲಿ ಕೂತಳು.

"ಅವತ್ತು ಮಳಿ ಬರ್ತದೋ ಇಲ್ಲೋ, ನಿನಗ ಗೊತ್ತಿಲ್ಲ. ಹೌದಿಲ್ಲೋ?"

"ಗೊತ್ತಿಲ್ಲ."

"ಗೊತ್ತಿಲ್ಲದಿದ್ರೂ ಹೂಂ ಅಂದಿ ನೋಡು," ಎಂದು ನನ್ನ ಕೈ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ.