ಮೂರನೆಯ ಪ್ರಶ್ನೆ ನನ್ನದಿತ್ತು

ಶಾಸಕನಾಗಿದ್ದ ಐದು ವರ್ಷ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ, ಮದುವೆ ಊಟ ಉಂಡೆ, ಸತ್ತವರ ಮನೆಗೆ ಹೋಗಿ ಕೂತೆ, ಶಾಲು ಹೊದಿಸಿಕೊಂಡೆ ಎನ್ನಬೇಕು. ಬೆಳಗ್ಗೆ ಮುಂಡರಗಿಯಲ್ಲಿ ಮದುವೆಯ ಅಕ್ಕಿಕಾಳು, ಮಧ್ಯಾಹ್ನ ಶಿರಹಟ್ಟಿಯಲ್ಲಿ ಊಟ, ಸಂಜೆ ಲಕ್ಷ್ಮೇಶ್ವರದಲ್ಲಿ ಗಟಾರದ ಭೂಮಿಪೂಜೆ. ಬೆಟಗೇರಿಯ ಮನೆ ಸೇರುವಷ್ಟರಲ್ಲಿ ಕೊರಳಲ್ಲಿ ಮಾಲೆಯ ದಾರ ಮಾತ್ರ ಉಳಿದಿರುತ್ತಿತ್ತು. ಇದನ್ನೇ ಜನಸೇವೆ ಎಂದು ನಂಬಿದ್ದೆ. ಅಷ್ಟು ದಡ್ಡನಾಗಿದ್ದೆ.

ಲಕ್ಷ್ಮೇಶ್ವರದ ಆಚೆ ಒಂದು ಸಣ್ಣ ಊರಿದೆ. ಊರಿಗೂ ಡಾಂಬರು ರಸ್ತೆಗೂ ನಡುವೆ ಹಳ್ಳ. ಮಳೆ ಜೋರಾದರೆ ಆಚೆಯವರು ಆಚೆ, ಈಚೆಯವರು ಈಚೆ. ಅಲ್ಲಿನ ಆಶಾ ಕಾರ್ಯಕರ್ತೆ, ನಲವತ್ತು ದಾಟಿದ ಹೆಣ್ಣುಮಗಳು, ಒಂದು ದಿನ ನನ್ನ ಮನೆಗೆ ಬಂದಳು. ತನಗೆ ಮನೆ ಕೇಳಲಿಲ್ಲ, ತಮ್ಮನಿಗೆ ನೌಕರಿ ಕೇಳಲಿಲ್ಲ.

‘ಒಂದು ಸೇತುವಿ ಬೇಕ್ರೀ ಸಾಹೇಬ್ರ. ಹಡಿಯೂ ಬ್ಯಾನಿ ತಿನ್ನಾಕಿನ್ನ ಟ್ರ್ಯಾಕ್ಟರ್‌ನ್ಯಾಗ ಕುಂದ್ರಿಸಿಕೊಂಡು, ನೀರು ಇಳಿಯೂತನಕ ದಂಡಿ ಮ್ಯಾಲ ಎಷ್ಟಂತ ಕಾಯೂದ್ರೀ?’

ಅದು ಶಾಸಕರ ನಿಧಿಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಸದನದಲ್ಲಿ ಮಂತ್ರಿಗಳ ಬಾಯಿಂದಲೇ ‘ಮಾಡುತ್ತೇವೆ’ ಎನ್ನಿಸಬೇಕಿತ್ತು. ಆ ವರ್ಷ ಬೆಳಗಾವಿಯಲ್ಲಿ ನಡೆದ ಮಳೆಗಾಲದ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ ಬರೆದುಕೊಟ್ಟೆ. ಅಂಥ ಪ್ರಶ್ನೆಗೆ ಮಂತ್ರಿ ಎದ್ದು ನಿಂತೇ ಉತ್ತರ ಹೇಳಬೇಕು. ಆದರೆ ಯಾರದು ಮೊದಲು ಎಂಬುದು ಚೀಟಿ ಎತ್ತಿ ತೀರ್ಮಾನವಾಗುವುದರಿಂದ ಎಷ್ಟೋ ಜನರ ಸರದಿ ಬರುವುದೇ ಇಲ್ಲ. ನನ್ನದು ಮೂರನೆಯದಾಗಿ ಬಂತು. ಖುಷಿ ತಡೆಯಲಾರದೆ ಆಕೆಗೆ ಫೋನ್ ಮಾಡಿದೆ.

‘ನಾಳಿ ಹನ್ನೊಂದಕ್ಕ ಮೊಬೈಲ್‌ನ್ಯಾಗ ನೋಡ್ರಿ ಅಕ್ಕಾರ. ನಿಮ್ಮ ಹಳ್ಳದ ಮಾತು ಬರ್ತೈತಿ.’

ಮರುದಿನ ಸದನ ಸೇರುತ್ತಲೇ ನಮ್ಮ ಪಕ್ಷದವರೆಲ್ಲ ಎದ್ದು ಬಾವಿಗಿಳಿದರು. ಸಭಾಧ್ಯಕ್ಷರ ಪೀಠದ ಮುಂದಿನ ಜಾಗಕ್ಕೆ ನಾವು ಹಾಗನ್ನುತ್ತೇವೆ. ಮಂತ್ರಿಯೊಬ್ಬರು ಹಿಂದಿನ ದಿನ ನಮ್ಮ ನಾಯಕರ ಬಗ್ಗೆ ಏನೋ ಅಂದಿದ್ದರು. ಏನಂದಿದ್ದರು ಎಂಬುದು ದೇವರಾಣೆಗೂ ಈಗ ನೆನಪಿಲ್ಲ. ನಾನೂ ಇಳಿದು ಕೂಗಿದೆ. ಸಭಾಧ್ಯಕ್ಷರು ಆ ಗದ್ದಲದಲ್ಲೇ ಪ್ರಶ್ನೋತ್ತರ ಶುರುಮಾಡಿ, ಎರಡು ಪ್ರಶ್ನೆ ದಾಟಿ ನನ್ನ ಹೆಸರು ಕರೆದರು.

ಕೇಳಿಸಿತು. ಕೇಳಿಸಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಅದು ಹಸಿ ಸುಳ್ಳು. ನನ್ನ ಕುರ್ಚಿ ಹತ್ತು ಹೆಜ್ಜೆಯಲ್ಲಿತ್ತು. ಹೋಗಿ ನಿಂತು ಎರಡು ಮಾತು ಕೇಳಿದ್ದರೆ ಸಾಕಿತ್ತು. ಆದರೆ ನಾಯಕರು ಪಕ್ಕದಲ್ಲೇ ಇದ್ದರು, ಮುಂದಿನ ಟಿಕೆಟ್ ಅವರ ಕೈಯಲ್ಲಿತ್ತು. ಅವರಿಗೆ ಕಾಣಲಿ ಎಂದು ಇನ್ನಷ್ಟು ಗಂಟಲು ಹರಿದುಕೊಂಡೆ. ಸಭಾಧ್ಯಕ್ಷರು ಇನ್ನೊಮ್ಮೆ ಕರೆದು ನಾಲ್ಕನೆಯ ಪ್ರಶ್ನೆಗೆ ಹೋದರು. ಆ ಟಿಕೆಟ್ಟೂ ನನಗೆ ಸಿಗಲಿಲ್ಲ, ಅದು ಬೇರೆ ಮಾತು. ಸೇತುವೆಯನ್ನು ನನ್ನ ನಂತರ ಬಂದವರು ಕಟ್ಟಿಸಿದರು.

ಮುಂದಿನ ಅಧಿವೇಶನದಲ್ಲಿ ಕೇಳಿದರಾಯಿತು ಎಂದುಕೊಂಡೆ. ಆಕೆಗೆ ಫೋನ್ ಮಾಡಲು ಮುಖವಿರಲಿಲ್ಲ. ಮಳೆ ನನ್ನ ಅಧಿವೇಶನಕ್ಕಾಗಿ ಕಾಯಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಆಕೆಯ ಸ್ವಂತ ಮಗಳಿಗೇ ದಿನ ತುಂಬುವ ಮೊದಲು ನೋವು ಕಾಣಿಸಿಕೊಂಡಿತು. ಹಳ್ಳ ತುಂಬಿ ಹರಿಯುತ್ತಿತ್ತು. ಟ್ರ್ಯಾಕ್ಟರ್ ಆಚೆ ದಾಟುವಷ್ಟರಲ್ಲಿ ಕೂಸು ಹೋಗಿತ್ತು. ಮಗಳು ಹೇಗೋ ಉಳಿದಳು.

ಸುದ್ದಿ ತಿಳಿದು ಹೋದೆ. ಇಂಥ ಮನೆಗಳಲ್ಲಿ ಕೂರುವುದು ನನಗೆ ರೂಢಿಯಾಗಿತ್ತು, ಆದರೆ ಅಂದು ಹೊಸ್ತಿಲ ಹೊರಗೇ ನಿಂತೆ. ಆಕೆ ಕಂಬಳಿ ಹಾಸಿ ‘ಕುಂಡ್ರಿ’ ಎಂದಳು, ಚಹಾ ಕೊಟ್ಟಳು. ಬಾಯಿಗೆ ಬಂದಂತೆ ಬೈದಿದ್ದರೆ ಚೆನ್ನಾಗಿತ್ತು. ನಾನೇ ಬಾಯಿ ಬಿಟ್ಟೆ.

‘ಅವತ್ತ ಸದನದಾಗ ಭಾಳ ಗದ್ದಲ ಇತ್ರೀ ಅಕ್ಕಾರ. ನನ್ನ ಹೆಸರು ಕರದದ್ದು ಕೇಳಸಲಿಲ್ಲ.’

ಆಕೆ ನನ್ನ ಖಾಲಿ ಲೋಟ ಎತ್ತಿಕೊಂಡಳು.

‘ನಮಗ ಕೇಳಿಸ್ತ್ರೀ ಸಾಹೇಬ್ರ. ಅಂಗನವಾಡ್ಯಾಗ ಹೆಣ್ಮಕ್ಳೆಲ್ಲಾ ಮೊಬೈಲ್ ಮುಂದ ಕುಂತಿದ್ವಿ. ನನ್ನ ಮಗಳೂ ಅವತ್ತ ಬಂದಿದ್ಲು. ನಿಮ್ಮ ಹೆಸರು ಎರಡ ಸಲ ಕರದ್ರು. ಎರಡೂ ಸಲ ಆಕಿ ಎದ್ದ ನಿಂತು ಮೊಬೈಲ್‌ನ್ಯಾಗಿನ ಅಧ್ಯಕ್ಷರಿಗೆ ಒದರಿದ್ಲು, “ಅಲ್ಲೇ ಅದಾರ್ರೀ, ನಿಮ್ಮ ಮುಂದ ನಿಂತಾರ” ಅಂತ.’