ನಾನು ದಾಟಿಸದ ಮಾತು

ಕಳೆದ ಭಾನುವಾರ ಟೋಕಿಯೋದ ಎಡೋಗಾವಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಯಲ್ಲಿ ಪಿಜ್ಜಾ ಕೂಪನ್ನುಗಳ ನಡುವೆ ಒಂದು ಬಣ್ಣದ ಕರಪತ್ರ ಸಿಕ್ಕಿತು. ಬೆಟ್ಟದ ಹಳ್ಳಿಯಲ್ಲಿ ಒಂದು ದಿನ ಕಳೆಯಿರಿ, ನಿಜವಾದ ಜಪಾನನ್ನು ಅನುಭವಿಸಿ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಒಲೆಯ ಮುಂದೆ ಕೂತ ಅಜ್ಜಿಯ ಫೋಟೋ. ಈ ಬೆಟ್ಟವನ್ನು ಒಮ್ಮೆಯೂ ಇಳಿಯದ ಅಜ್ಜಿ ನಿಮಗೆ ಚಹಾ ಕೊಡುತ್ತಾರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಅಜ್ಜಿ ಈಗ ಆ ಮನೆಯಲ್ಲಿಲ್ಲ, ಎಲ್ಲೂ ಇಲ್ಲ. ಕರಪತ್ರದವರು ಅವರ ಫೋಟೋದಿಂದ ಮಾತ್ರ ಇನ್ನೂ ಕೆಲಸ ಮಾಡಿಸುತ್ತಿದ್ದಾರೆ.

ಆ ಅಜ್ಜಿಯ ಮನೆಗೆ ಹೋದಾಗ ನಾನು ಮೈಸೂರಿನಿಂದ ಗಂಡನ ಹಿಂದೆ ಬಂದು ಕೆಲವು ವರ್ಷ ಆಗಿತ್ತು. ವಾರ್ಡ್ ಕಚೇರಿಯ ತರಗತಿಗೆ ಹೋಗಿ ಜಪಾನಿ ಕಲಿತಿದ್ದೆ, ಚೆನ್ನಾಗಿಯೇ ಕಲಿತಿದ್ದೆ. ಬೆಂಗಳೂರಿನವರೊಬ್ಬರು ಸಾಫ್ಟ್‌ವೇರ್ ಬಿಟ್ಟು ಟೂರ್ ನಡೆಸುತ್ತಿದ್ದರು. ಕನ್ನಡದ ಕುಟುಂಬಗಳನ್ನು ಬೆಟ್ಟದ ಹಳ್ಳಿಗೆ ಕರೆದೊಯ್ಯುತ್ತೇನೆ, ನೀವು ದುಭಾಷಿಯಾಗಿ ಬನ್ನಿ ಎಂದರು. ನನ್ನ ಹೆಸರಿನ ಬ್ಯಾಡ್ಜು ನೋಡಿಯೇ ನಾನು ಉಬ್ಬಿಹೋದೆ. ಹಿಂದಿನ ದಿನ ಅವರು ಒಂದು ಹಾಳೆ ಕಳಿಸಿದರು. ಅಜ್ಜಿ ಏನೇ ಹೇಳಲಿ, ನಾನು ಹೇಳಬೇಕಾದ್ದು ಅದರಲ್ಲಿ ಮೊದಲೇ ಅಚ್ಚಾಗಿತ್ತು.

ಇಪ್ಪತ್ತೆರಡು ಜನ, ಮಕ್ಕಳು, ಚಕ್ಕುಲಿ ಡಬ್ಬಿಗಳು, ಮೂರು ಗಂಟೆಯ ಬಸ್ ಪ್ರಯಾಣ. ನಾವು ತಲುಪಿದಾಗ ಅಜ್ಜಿ ಸ್ವೆಟರು, ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬಾಗಿಲಿಗೆ ಬಂದರು. ಟೂರಿನವರು ಚೀಲದಿಂದ ನೀಲಿ ನೇಯ್ಗೆಯ ಹಳೇ ಕಾಲದ ಬಟ್ಟೆ ತೆಗೆದು ಅವರ ಕೈಗಿಟ್ಟರು. ಎಂಬತ್ತು ದಾಟಿದ ಹೆಂಗಸು ತನ್ನ ಮನೆಯಲ್ಲೇ ತಾನು ವೇಷ ಹಾಕಿಕೊಂಡು ಬಂದು, ಹೊಸಬರಂತೆ ನಮಗೆ ನಮಸ್ಕಾರ ಮಾಡಿದರು. ನಾನು ನನ್ನ ಹಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ನಮ್ಮವರು ಮೀನು ಮಾಂಸ ಮುಟ್ಟುವುದಿಲ್ಲವೆಂದು ಅವರಿಗೆ ತಿಳಿಸಿದ್ದರು. ಹಿಟ್ಟಿನ ಉಂಡೆಯೊಳಗೆ ಸೊಪ್ಪು ತುಂಬಿ ಒಲೆಯ ಬೂದಿಯ ಪಕ್ಕ ಸುಟ್ಟಿದ್ದರು. ಮೀನಿನ ಸಾರು ತಾಗದ ಹೊಸ ಪಾತ್ರೆಯಲ್ಲೇ ಸೊಪ್ಪು ಬೇಯಿಸಿದ್ದೇನೆ ಎಂದು ಎರಡು ಸಲ ಹೇಳಿದರು. ನಮ್ಮ ಹೆಂಗಸರು ಕಡುಬಿನ ಹಾಗಿದೆ ಎಂದು ಚಪ್ಪರಿಸಿ ತಿಂದರು. ಆ ಮಾತನ್ನು ಅಜ್ಜಿಗೆ ಸರಿಯಾಗಿಯೇ ಹೇಳಿದೆ... ಅಷ್ಟಾದರೂ ಹೇಳಿದೆ.

ಚಹಾ ಕುಡಿಯುವಾಗ ಅಜ್ಜಿ ತಮ್ಮ ಕಥೆ ಹೇಳತೊಡಗಿದರು. ಹುಡುಗಿಯಾಗಿದ್ದಾಗ ಟೋಕಿಯೋದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದರಂತೆ. ಬೆರಳಿನಲ್ಲಿ ಟಿಕೆಟ್ ತೂತು ಮಾಡಿ ತೋರಿಸಿದರು, ನಿಲ್ದಾಣಗಳ ಹೆಸರನ್ನು ರಾಗವಾಗಿ ಕೂಗಿದರು. ನನ್ನ ಹಾಳೆಯಲ್ಲಿ ಅಜ್ಜಿ ಬೆಟ್ಟ ಇಳಿದವರೇ ಅಲ್ಲ. ಹಾಳೆಯಲ್ಲಿದ್ದುದನ್ನೇ ಒದರಿದೆ. ಮುಂದೆ ಕೂತಿದ್ದ ಒಬ್ಬಾಕೆ, "ಮತ್ತೆ ಕೈಯಲ್ಲಿ ಅದೇನು ಆಕ್ಷನ್ ಮಾಡ್ತಿದಾರೆ ಅಕ್ಕಾ?" ಎಂದು ಕೇಳಿದಳು. ಸೊಪ್ಪು ಚಿವುಟುವ ರೀತಿ ಎಂದುಬಿಟ್ಟೆ. ಎಂಥ ಬುದ್ಧಿವಂತೆ ನಾನು.

ಜಪಾನಿನಲ್ಲಿ ಅಭಿಪ್ರಾಯದ ಹಾಳೆ ತುಂಬಿಸಿಕೊಳ್ಳದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಅಲ್ಲಿಯೂ ಹಾಳೆ, ಪೆನ್ಸಿಲು ಹಂಚಿದರು. ಈ ಹಾಳೆಗಳು ಕೆಳಗಿನ ಊರಿನ ಪುರಸಭೆಗೆ ಹೋಗುತ್ತಿದ್ದವು. ಆಗ ಅಜ್ಜಿ ಮಂಡಿಯೂರಿ, ಚಾಪೆಯ ಮೇಲೆ ಎರಡೂ ಕೈ ಇಟ್ಟು ಮಾತಾಡಿದರು. ದನಿ ಬದಲಾಗಿತ್ತು. ಅವರ ಗಂಡ ಕೆಳಗಿನ ಊರಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿಗೆ ಹೋಗಲು ಅಜ್ಜಿಗಿದ್ದದ್ದು ಬೆಳಗಿನ ಬಸ್ಸೊಂದೇ. ವಸಂತ ಬಂದರೆ ಅದನ್ನು ನಿಲ್ಲಿಸುತ್ತಾರೆ. ಪ್ರವಾಸಿಗರ ಮಾತಿಗೆ, ಅದರಲ್ಲೂ ಹೊರದೇಶದವರ ಮಾತಿಗೆ, ಪುರಸಭೆ ಕಿವಿಗೊಡುತ್ತದೆ. ಬಸ್ಸು ಬೇಕೆಂದು ನೀವು ಬರೆಯಬೇಕು ಎಂದರು.

ನಾನು ಬಾಯಿ ತೆರೆಯುವ ಮೊದಲೇ ಟೂರಿನವರು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದೆಲ್ಲ ಬೇಡ ಮೇಡಂ. ಜನ ಖುಷಿಯಾಗಿ ಮನೆಗೆ ಹೋಗ್ಲಿ."

ನಾನು ನಮ್ಮವರ ಕಡೆ ತಿರುಗಿದೆ. "ನೀವೆಲ್ಲ ಬಂದಿದ್ದು ಅಜ್ಜಿಗೆ ತುಂಬಾ ಸಂತೋಷವಂತೆ. ಮತ್ತೆ ಬನ್ನಿ ಅಂತಿದಾರೆ."

ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು. ಅಜ್ಜಿ ಅದನ್ನು ಒಪ್ಪಿಗೆ ಎಂದುಕೊಂಡರು. ಹಣೆ ಚಾಪೆಗೆ ತಾಗುವಂತೆ ಬಗ್ಗಿ ಅರಿಗಾತೋ, ಅರಿಗಾತೋ ಎಂದು ಧನ್ಯವಾದ ಹೇಳಿದರು. ಪೆನ್ಸಿಲುಗಳು ಓಡತೊಡಗಿದವು. ಅಜ್ಜಿ ಒಂದೊಂದು ಪೆನ್ಸಿಲನ್ನೂ ನೋಡುತ್ತ ಕೂತಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಆ ಹಾಳೆಗಳನ್ನು ತಿರುವಿದೆ. ಚಹಾ ಸೂಪರ್, ಟಾಯ್ಲೆಟ್ ಕ್ಲೀನ್, ವೈಫೈ ಇದ್ದಿದ್ದರೆ ಚೆನ್ನಾಗಿತ್ತು...

ಹೊಸ ವರ್ಷಕ್ಕೆ ಅಜ್ಜಿಯಿಂದ ಕಾರ್ಡು ಬಂತು. ದುಭಾಷಿಯವರೇ, ಎಲ್ಲರ ಕೈಯಲ್ಲೂ ಬರೆಸಿದಿರಿ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದಿತ್ತು. ಉತ್ತರ ಬರೆಯಲು ನನಗೆ ಮುಖವಿರಲಿಲ್ಲ. ಮಾರ್ಚ್ ಕೊನೆಗೆ ಬಸ್ಸು ನಿಂತಿತು. ಬೇಸಿಗೆಯಲ್ಲಿ ಇನ್ನೊಂದು ಕಾರ್ಡು. ಪಕ್ಕದ ಮನೆಯವರ ಗಾಡಿಯಲ್ಲಿ ತಿಂಗಳಿಗೊಮ್ಮೆ ಗಂಡನನ್ನು ನೋಡಿ ಬರುತ್ತಿದ್ದರಂತೆ. ಪುರಸಭೆಗೂ ಅದರದೇ ಕಷ್ಟವಿರುತ್ತದೆ, ನೀವು ಅಷ್ಟು ಜನ ಬರೆದಿರಲ್ಲ, ನನಗೆ ಅದೇ ಸಾಕು ಎಂದು ನನಗೇ ಸಮಾಧಾನ ಹೇಳಿದ್ದರು! ಆಮೇಲೆ ಬಂದದ್ದು ಮಗಳು ಕಳಿಸಿದ ಬೂದುಬಣ್ಣದ ಕಾರ್ಡು. ಆ ವರ್ಷ ಅಪ್ಪ, ಅಮ್ಮ ಇಬ್ಬರೂ ತೀರಿಕೊಂಡರೆಂದು ಎರಡೇ ಸಾಲು.

ಟೂರಿನವರನ್ನು ಬೈಯುವುದು ಸುಲಭ, ಮನಸ್ಸಿನಲ್ಲಿ ದಿನವೂ ಬೈಯುತ್ತೇನೆ. ಆದರೆ ಆ ಮನೆಯಲ್ಲಿ ಎರಡೂ ಭಾಷೆ ಚೆನ್ನಾಗಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಮುಂದಿನ ಟೂರಿಗೆ ಕರೆಯುವುದಿಲ್ಲವೇನೋ ಎಂದು ಹೆದರಿದೆ, ಅಷ್ಟೇ ಕಾರಣ. ನಮ್ಮವರು ಕೆಟ್ಟವರಲ್ಲ. ಲಿಫ್ಟು ಎರಡು ದಿನ ಕೆಟ್ಟರೆ ನಾಲ್ಕು ಪುಟದ ಮನವಿ ಬರೆಯುವ ಜನ, ಅಜ್ಜಿಗಾಗಿ ಒಂದು ಸಾಲು ಬರೆಯುತ್ತಿರಲಿಲ್ಲವೇ? ಇಂದಿಗೂ ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿದರೆ, ಆ ಅಜ್ಜಿ ಎಷ್ಟು ಮುಗ್ಧೆ, ಬೆಟ್ಟವನ್ನೇ ಇಳಿದಿರಲಿಲ್ಲವಲ್ಲ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.

ಇನ್ನು ಹೂಂ ಎನ್ನುವುದಿಲ್ಲ. ಅವತ್ತು ಬಂದಿದ್ದ ಇಪ್ಪತ್ತೆರಡು ಜನರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನೀವು ಚಪ್ಪಾಳೆ ತಟ್ಟಿದ್ದು ಈ ಮಾತಿಗೆ:

"ನಮ್ಮ ಯಜಮಾನರಿಗೆ ಮಾತು ನಿಂತುಹೋಗಿದೆ. ನಾನು ಹೋದರೆ ಕೈ ಹಿಡಿದುಕೊಳ್ಳುತ್ತಾರೆ. ದಯವಿಟ್ಟು ಬಸ್ಸು ನಿಲ್ಲಿಸಬೇಡಿ ಅಂತ ಒಂದು ಸಾಲು ಬರೆದುಕೊಡಿ."